ಕೊಡೆ ಕಾರ್ಖಾನೆಯ ಯಾಕಮ್ಮ

ನನ್ನ ಚಿಕ್ಕಮ್ಮನಿಗೆ ಕೊಡೆ ಕಾರ್ಖಾನೆಯಲ್ಲಿ 'ಯಾಕಮ್ಮ' ಎಂದೇ ಹೆಸರು. ಬಟ್ಟೆಯನ್ನು ಹೀಗೇ ಯಾಕೆ ಕತ್ತರಿಸಬೇಕು, ಹಿಡಿಯನ್ನು ಕೊನೆಯಲ್ಲೇ ಯಾಕೆ ಕೂರಿಸಬೇಕು ಎಂದು ಕಂಡಕಂಡವರನ್ನೆಲ್ಲ ಕೇಳುವ ಚಟ. ಮನೆಯಲ್ಲೂ ಅಷ್ಟೇ. ಚಿಕ್ಕಪ್ಪನನ್ನು ಮೊದಲ ಸಲ ಕಂಡಾಗಲೇ "ನೀವು ಯಾಕೆ ಇಷ್ಟು ಸಣ್ಣಗಿದ್ದೀರಿ?" ಎಂದು ಕೇಳಿದವಳು. ಪಾಪ, ಆ ಮನುಷ್ಯ ಇನ್ನೂ ಉತ್ತರ ಹುಡುಕುತ್ತಿದ್ದಾನೆ.

ಈ ಚಟವನ್ನೇ ಕಾರ್ಖಾನೆಯ ಯಜಮಾನರು ಉದ್ಯೋಗ ಮಾಡಿಕೊಟ್ಟರು. ಹೊಲಿಗೆ ಮೇಜಿನಿಂದ ಎಬ್ಬಿಸಿ, ಗಾಜಿನ ಬಾಗಿಲಿನ ಕೋಣೆಯಲ್ಲಿ ಕೂರಿಸಿ, "ಕೆಲಸಗಾರರಿಂದ ಹೊಸ ಹೊಸ ಉಪಾಯ ಹೊರಡಿಸೋದು ನಿಮ್ಮ ಜವಾಬ್ದಾರಿ" ಎಂದರು. ಬಾಗಿಲ ಮೇಲೆ 'ನಾವೀನ್ಯ ವಿಭಾಗ' ಎಂಬ ಫಲಕ ಬಂತು. ವಿಭಾಗವೆಂದರೆ ಚಿಕ್ಕಮ್ಮ ಒಬ್ಬಳೇ. ಆದರೂ ಅವಳ ನಡಿಗೆ ನೋಡಬೇಕಿತ್ತು, ಕಾಲು ನೆಲಕ್ಕೇ ತಾಗುತ್ತಿರಲಿಲ್ಲ.

ಗೋಡೆಗೆ ಸಲಹೆ ಪೆಟ್ಟಿಗೆ ನೇತುಹಾಕಿದಳು. ವಾರಗಳು ಕಳೆದವು. ಅದರೊಳಗೆ ಬಿದ್ದದ್ದು ಒಂದು ಬಸ್ ಟಿಕೆಟ್ಟು, ಒಂದು ಮುರಿದ ಗುಂಡಿ. ಯಜಮಾನರು ತಾಳ್ಮೆಯ ಮನುಷ್ಯರಲ್ಲ. "ಈ ವರ್ಷ ಮುಗಿಯೋದ್ರೊಳಗೆ ಒಂದಾದ್ರೂ ತೋರಿಸಿ. ಇಲ್ಲಾಂದ್ರೆ ಕೋಣೆಗೆ ಬೀಗ" ಎಂದರು. ಚಿಕ್ಕಮ್ಮನ ಹಳೆಯ ಜಾಗದಲ್ಲಿ ಆಗಲೇ ಬೇರೊಬ್ಬಳು ಕೂತಿದ್ದಳು. ಕೋಣೆಗೆ ಬೀಗ ಬಿದ್ದರೆ ಚಿಕ್ಕಮ್ಮನಿಗೆ ಮನೆಯೇ ಗತಿ.

ಇಷ್ಟು ಜನ ದಿನವಿಡೀ ಅದೇ ಕೆಲಸ ಮಾಡುತ್ತಾರೆ, ಒಬ್ಬರಿಗೂ ಏನೂ ಹೊಳೆಯುವುದಿಲ್ಲವೇ? ಯಾಕೆ? ಅದು ಅವಳ ತಲೆ ಕೊರೆಯಿತು. ಕೋಣೆ ಬಿಟ್ಟು ಮೇಜುಗಳ ನಡುವೆ ಸುತ್ತತೊಡಗಿದಳು. ಅವಳು ಬಂದ ಕಡೆಯೆಲ್ಲ ಮಾತು ನಿಲ್ಲುತ್ತಿತ್ತು.

ಅವಳ ನಾದಿನಿ, ಅಂದರೆ ಚಿಕ್ಕಪ್ಪನ ತಂಗಿ, ಅಲ್ಲಿಯೇ ಕಡ್ಡಿಗಳ ತುದಿಗೆ ಬಟ್ಟೆ ಹೊಲಿಯುವವಳು. ಬಿಚ್ಚಿದ ಕೊಡೆಯನ್ನು ಒಂದು ಕೈಯಲ್ಲಿ ತಿರುಗಿಸುತ್ತ ಇನ್ನೊಂದರಲ್ಲಿ ಸೂಜಿ ಹಾಕುವ ಕೆಲಸ. ಮಂಡಿನೋವು ಬೇರೆ. ಆದರೂ ಅವಳ ಪಾಲು ಎಲ್ಲರಿಗಿಂತ ಮೊದಲೇ ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ಚಿಕ್ಕಮ್ಮ ಹಿಂದಿನ ಬಾಗಿಲಿನಿಂದ ಸದ್ದಿಲ್ಲದೆ ಬಂದಳು. ನಾದಿನಿ ಗಾಬರಿಯಾಗಿ ತನ್ನ ಸ್ಟೂಲಿನ ಮೇಲೆ ದೊಪ್ಪನೆ ಕೂತುಬಿಟ್ಟಳು.

"ಏಳು" ಎಂದಳು ಚಿಕ್ಕಮ್ಮ.

"ಮಂಡಿ ನೋವು, ಅತ್ತಿಗೆ."

"ನನ್ನ ಕಿವಿ ಮೇಲೆ ಹೂ ಇಡ್ಬೇಡ. ಏಳು."

ಸ್ಟೂಲಿನ ನಡುವೆ ಒಂದು ತೂತು. ಹಿಡಿ ಕೂರಿಸದ ಕೊಡೆಯ ಕೋಲನ್ನು ಅದರಲ್ಲಿ ನಿಲ್ಲಿಸಿದರೆ ಕೊಡೆ ಗಾಲಿಯಂತೆ ತಿರುಗುತ್ತದೆ, ಹೊಲಿಯಲು ಎರಡೂ ಕೈ ಸಿಗುತ್ತವೆ. ಚಿಕ್ಕಮ್ಮ ಒಮ್ಮೆ ತಿರುಗಿಸಿದಳು. ಮತ್ತೊಮ್ಮೆ ತಿರುಗಿಸಿದಳು. ತನ್ನ ಕೆಲಸದ ಚಿಂತೆಯನ್ನೇ ಮರೆತು ಮಗುವಿನಂತೆ ನಕ್ಕಳಂತೆ.

"ಇದನ್ನ ಯಾಕೆ ಹೇಳ್ಲಿಲ್ಲ?"

"ಯಾಕೆ ಹೇಳ್ಬೇಕು? ಹಿಡಿ ಕೂರಿಸೋ ತಾತ ಹೇಳಿದ್ರಲ್ಲ, ಅಂಟು ಬೇಗ ಒಣಗೋ ಉಪಾಯ. ಎಲ್ಲ ಭೇಷ್ ಅಂದ್ರು. ಆಮೇಲೆ ದಿನಕ್ಕೆ ಇಷ್ಟು ಕೊಡೆ ಅನ್ನೋ ಲೆಕ್ಕಾನೇ ಏರಿಸಿದ್ರು. ಈಗ ತಾತಂಗೆ ಊಟಕ್ಕೂ ಪುರಸೊತ್ತಿಲ್ಲ. ಕೈ ತೋರಿಸಿ ಅವಲಕ್ಷಣ ಅನ್ನಿಸ್ಕೊಳ್ಳೋಕೆ ನಂಗೇನು ಹುಚ್ಚಾ? ಇದ್ರಿಂದ ಉಳಿಯೋ ಹೊತ್ತಲ್ಲಿ ಕಾಲು ಚಾಚ್ತೀನಿ. ಇಲ್ಲಿ ಎಲ್ಲರ ಹತ್ರಾನೂ ಒಂದೊಂದಿದೆ, ಅತ್ತಿಗೆ. ಯಾರೂ ತೋರಿಸಲ್ಲ."

ಅತ್ತ ದರಿ, ಇತ್ತ ಪುಲಿ. ತೋರಿಸಿದರೆ ನಾದಿನಿಯ ಕಾಲಿಗಿದ್ದ ವಿಶ್ರಾಂತಿ ಹೋಯಿತು, ತೋರಿಸದಿದ್ದರೆ ತನ್ನ ಕೆಲಸ ಹೋಯಿತು. ನಾನಾಗಿದ್ದರೆ ಬಾಯಿ ಮುಚ್ಚಿಕೊಂಡು ಇನ್ನೊಬ್ಬರ ಉಪಾಯ ಹುಡುಕುತ್ತಿದ್ದೆ. ಚಿಕ್ಕಮ್ಮ ನೇರ ಯಜಮಾನರ ಬಳಿ ಹೋದಳು.

"ಉಪಾಯ ಬೇಕಾದಷ್ಟಿವೆ. ಆದ್ರೆ ಅದ್ರಿಂದ ಉಳಿಯೋ ಹೊತ್ತು ಅವರದ್ದೇ. ಲೆಕ್ಕ ಏರಿಸಲ್ಲ ಅಂತ ಮಾತು ಕೊಡಿ."

"ಹಾಗಾದ್ರೆ ನಂಗೇನು ಲಾಭ?"

"ಹೊಲಿಗೆ ನೆಟ್ಟಗೆ ಬರುತ್ತೆ, ವಾಪಸ್ ಬರೋ ಕೊಡೆ ಕಡಿಮೆಯಾಗುತ್ತೆ. ಇಷ್ಟು ದಿನ ಅವರು ಬಚ್ಚಿಟ್ಟಿದ್ರಿಂದ ನಿಮಗೆ ಸಿಕ್ಕಿದ್ದೇನು?"

ಯಜಮಾನರು ಗಡ್ಡ ಕೆರೆದು "ಆಯ್ತು" ಎಂದರು. ಕಾರ್ಖಾನೆಯಲ್ಲಿ ಆ ಮಾತನ್ನು ಯಾರೂ ನಂಬಲಿಲ್ಲ. ನಾದಿನಿಯಂತೂ ಮುಖ ತಿರುಗಿಸಿಕೊಂಡು ಹೋದಳು.

ಮರುದಿನ ಸಂಜೆ, ನಾದಿನಿಯ ಪಾಲಿನಲ್ಲಿ ಇನ್ನು ಕೆಲವೇ ಕೊಡೆ ಉಳಿದಿದ್ದಾಗ, ಯಜಮಾನರು ಮೇಜುಗಳ ನಡುವೆ ಬಂದು ನಿಂತರು. ಎಲ್ಲರೂ ತಲೆ ತಗ್ಗಿಸಿದರು. ಚಿಕ್ಕಮ್ಮ ನಾದಿನಿಯತ್ತ ನೋಡಲೇ ಇಲ್ಲ, ನೋಡಿದರೆ ಒತ್ತಾಯ ಮಾಡಿದಂತಾದೀತೆಂದು. ನಾದಿನಿ ತಾನಾಗಿಯೇ ಸ್ಟೂಲಿನಿಂದ ಎದ್ದಳು. ಕೋಲು ನಿಲ್ಲಿಸಿದಳು, ತಿರುಗಿಸಿದಳು, ಹೊಲಿದಳು. ಪಾಲು ಮುಗಿಸಿದವಳೇ ಯಜಮಾನರ ಕಣ್ಣೆದುರು ಅದೇ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು.

ಯಜಮಾನರು ಗಡಿಯಾರ ನೋಡಿದರು. ಚಾಚಿದ ಕಾಲು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿದರು. "ಚೆನ್ನಾಗಿದೆ" ಎಂದಷ್ಟೇ ಹೇಳಿ ಬಾಗಿಲತ್ತ ನಡೆದರು.

ಬಟ್ಟೆ ಕತ್ತರಿಸುವವನು ಕತ್ತರಿ ಹಿಡಿದುಕೊಂಡೇ ಚಿಕ್ಕಮ್ಮನ ಬಳಿ ಓಡಿ ಬಂದ.

"ಅಕ್ಕಾ, ಹೋಗ್ಬಿಟ್ರಾ? ಸ್ವಲ್ಪ ವಾಪಸ್ ಕರೀರಿ. ನಂದೂ ಒಂದು ತೋರಿಸ್ಬೇಕು."