ಸಂತತಿ ಎಂದರೇನೆಂದು ಹೇಳಹೋಗಿ

ಹೆರಿಗೆಗೆಂದು ಮೇಲೂರಿನ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳಿಗೆ ಆಗ ಏಳು ತಿಂಗಳು ತುಂಬಿತ್ತು. ಒಂದು ಮಧ್ಯಾಹ್ನ ಕೈಯಲ್ಲಿದ್ದ ಇಂಗ್ಲಿಷ್ ಪುಸ್ತಕ ಮಡಿಸಿ, "ಅಜ್ಜಿ, ಪಾಸ್ಟೆರಿಟಿಗೆ ಕನ್ನಡದಲ್ಲಿ ಏನಂತಾರೆ?" ಎಂದಳು.

ನನಗೋ ಕಾನ್ವೆಂಟಿನ ಹಳೆಯ ಹುಚ್ಚು. ಸಿಸ್ಟರ್ ಕಲಿಸಿದ್ದನ್ನೆಲ್ಲ ಒಪ್ಪಿಸಿದೆ: ಅದು ಲ್ಯಾಟಿನ್, ನಮ್ಮ ನಂತರ ಬರುವವರು ಎಂದಷ್ಟೇ ಅರ್ಥ. ನಮ್ಮ 'ಸಂತತಿ' ಹಾಗಲ್ಲ. ಅದರ ಸಂಸ್ಕೃತ ಧಾತುವಿಗೆ ಚಾಚುವುದು, ಹಿಗ್ಗಿಸಿ ಎಳೆಯುವುದು ಎಂಬ ಅರ್ಥ. ಕಡಿಯದೆ ಚಾಚಿಕೊಂಡು ಹೋಗುವುದೇ ಸಂತತಿ. 'ತಂತು' ಹುಟ್ಟಿದ್ದೂ ಅಲ್ಲಿಂದಲೇ.

"ರೇಷ್ಮೆ ಗೂಡಿನ ಎಳೆ ಥರಾನಾ?"

"ಹೂಂ ಕಣಮ್ಮ, ಎಕ್ಸಾಕ್ಟ್ಲಿ. ಹುಳುಮನೇಲಿ ಗೂಡು ಕಟ್ಟಿಸೋ ಬಿದಿರು ಚಂದ್ರಿಕೆಗೆ ಒಂದೆರಡು ಹಳೇ ಗೂಡು ಅಂಟ್ಕೊಂಡಿರ್ತವೆ, ತಗೊಂಬಾ. ಬಿಸಿನೀರಿಗೆ ಹಾಕಿ ಎಳೆದು ತೋರಿಸ್ತೀನಿ."

ಅವಳಪ್ಪ, ಅಂದರೆ ನನ್ನ ಮಗ, ಹೊಸ ಬೆಳೆಗೆಂದು ಆ ಬೆಳಿಗ್ಗೆಯಷ್ಟೇ ಹುಳುಮನೆಗೆ ರೋಗಾಣು ಸಾಯಲೆಂದು ಫಾರ್ಮಲಿನ್ ಹೊಡೆದು ಕಿಟಕಿ ಬಾಗಿಲು ಬಿಗಿದಿದ್ದ. ನನಗೆ ಗೊತ್ತಿತ್ತು. ಆದರೆ ನಮ್ಮಿಂದ ಹುಳುವಿಗೆ ರೋಗ ತಗುಲೀತೆಂದು ಹೆದರಿ, ಕಾಲು ತೊಳೆಯದವರನ್ನು ಒಳಗೆ ಬಿಡದೆ ಬದುಕಿದವಳು ನಾನು. ಈಗ ಹುಳುವೇ ಇಲ್ಲ, ಯಾರು ಹೋದರೇನು ಎಂದುಕೊಂಡೆ. ಆ ಮನೆಯೇ ಮನುಷ್ಯರಿಗೆ ಕೇಡು ಮಾಡೀತೆಂದು ಹೊಳೆಯಲೇ ಇಲ್ಲ.

ಕೆಮ್ಮು ಕೇಳಿಸಿತು. ನಾನು ಹೋಗುವಷ್ಟರಲ್ಲಿ ಹುಳುಮನೆಯ ಬಾಗಿಲ ಹೊರಗೆ ಕುಸಿದು ಕೂತಿದ್ದಳು. ಕಣ್ಣು ಕೆಂಡ, ಮುಖವೆಲ್ಲ ನೀರು. ಹೊಟ್ಟೆ ಹಿಡಿದುಕೊಂಡು, "ಅಜ್ಜಿ, ಒಳಗೆ ಅಲ್ಲಾಡ್ತಾನೇ ಇಲ್ಲ" ಎಂದಳು.

ಮಗ ಕಾರು ತೆಗೆದ. ಶಿಡ್ಲಘಟ್ಟದ ಆಸ್ಪತ್ರೆಯವರೆಗೂ ನನ್ನ ಅಂಗೈ ಅವಳ ಹೊಟ್ಟೆಯ ಮೇಲೆ. ಏನೂ ಇಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಮಗ, "ಬಾಗಿಲು ತೆಗೆಯೋಕೆ ಯಾರಮ್ಮ ಹೇಳಿದ್ದು?" ಎಂದ.

"ನಾನೇ ಹೋದೆ ಬಿಡಪ್ಪ" ಎಂದಳು ಅವಳು, ಕೆಮ್ಮುತ್ತಲೇ.

ಡಾಕ್ಟರಮ್ಮ ಹೊಟ್ಟೆಗೆ ಜೆಲ್ ಹಚ್ಚಿ ಯಂತ್ರವನ್ನು ಅತ್ತ ಇತ್ತ ಆಡಿಸಿದರು. ಗರಗರ ಸದ್ದು ಬಿಟ್ಟರೆ ಬೇರೇನಿಲ್ಲ. ನಾನು ಸ್ಟೂಲಿನ ಅಂಚು ಹಿಡಿದು ಪ್ರೇಯರ್ ಶುರುಮಾಡಿ, ಮಧ್ಯದಲ್ಲೇ ಮರೆತೆ. ಆಮೇಲೆ ಕೇಳಿಸಿತು, ಓಡಿಬಂದವರ ಎದೆಯ ಹಾಗೆ, ಟಕಟಕ.

"ಮಗು ಚೆನ್ನಾಗಿದೆ. ನಾಳೆವರೆಗೂ ಇಲ್ಲೇ ಇರಲಿ, ನೋಡೋಣ" ಎಂದು ಡಾಕ್ಟರಮ್ಮ ಆಕ್ಸಿಜನ್ ಹಾಕಿಸಿದರು.

ಮಗ ಕಾಫಿ ತಂದಾಗ, "ಕಳಿಸಿದ್ದು ನಾನು ಕಣಪ್ಪ" ಎಂದೆ. ಅವನು ಲೋಟ ನನ್ನ ಕೈಗಿಟ್ಟು ಹೊರಗೆ ಹೋದ.

ಸಂಜೆಯೊಳಗೆ ನಾಲ್ಕು ಸಲ ಅವಳನ್ನು ಎಬ್ಬಿಸಿ ಕೇಳಿದ್ದೆ, "ಒದೀತಾ?"

ಐದನೇ ಸಲ ಮಾಸ್ಕ್ ಸರಿಸಿ, "ಒದೀತು ಅಜ್ಜಿ. ಇನ್ನೊಂದ್ಸಲ ಕೇಳಿದ್ರೆ ನಾನೂ ಒದೀತೀನಿ" ಎಂದಳು.

ಆದರೂ ಕೇಳಿದೆ.