ಗುಳಿಗನ ಪಾಲಿಗೆ ಹೋದ ಅರ್ಧ ಎಕ್ರೆ

ಸವಣೂರಿನಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ, ಬಸ್ಸಿಗೆ ಮನಸ್ಸಾದರೆ ಮಾತ್ರ ನಿಲ್ಲುವ ಒಂದು ಕಡೆ ಇಳಿದು ಅರ್ಧ ಮೈಲು ನಡೆದರೆ ಮಹಾಗಣಪತಿ ಮಾಸ್ಟ್ರ ಶಾಲೆ. ೧೯೭೪ರಲ್ಲಿ ಅವರು ಅಲ್ಲಿಗೆ ವಿಜ್ಞಾನ ಕಲಿಸಲು ಬಂದಾಗ ಅವರ ಬಳಿ ಇದ್ದ ಆಯುಧಗಳು ಎರಡೇ: ಒಂದು ಕೊಡೆ, ಒಂದು ಭೂತಗನ್ನಡಿ. ಮೈಸೂರಿನಲ್ಲಿ ಹತ್ತು ದಿನದ ಶಿಬಿರ ಮುಗಿಸಿ ಬಂದ ಮೇಲೆ ಮೂರನೆಯದು ಸೇರಿತು. ಅದು ‘ಪರಿಸರ’ ಎಂಬ ಶಬ್ದ. ನಮ್ಮ ಕಡೆ ಅದನ್ನು ಅದುವರೆಗೆ ಆಮಂತ್ರಣ ಪತ್ರಿಕೆಗಳಲ್ಲಿ ಮಾತ್ರ ಕಂಡವರಿದ್ದರು, ಊಟದ ವ್ಯವಸ್ಥೆ ದೇವಸ್ಥಾನದ ಪರಿಸರದಲ್ಲಿ ಎಂದು.

ಮಾಸ್ಟ್ರು ಅಲ್ಲಿಂದಲೇ ತಮ್ಮ ದಿಗ್ವಿಜಯವನ್ನು ನಿಶ್ಚಯಿಸಿದರು. ಲೆಕ್ಕ, ಸಮಾಜ ಎಲ್ಲ ಬಿಟ್ಟು, ಪುತ್ತೂರು ಸುಳ್ಯದ ಶಾಲೆ ಶಾಲೆ ಸುತ್ತಿ, ಮಕ್ಕಳನ್ನು ಮರದ ಬುಡದಲ್ಲಿ ಕೂರಿಸಿ ಪರಿಸರ ಪಾಠ ಹೇಳುವ ಹುದ್ದೆಯೇ ಅವರಿಗೆ ಬೇಕು. ಅಂಥ ಹುದ್ದೆ ಸರಕಾರದಲ್ಲಿ ಇಲ್ಲ ಎಂಬುದು ಅವರಿಗೆ ಸಣ್ಣ ಅಡಚಣೆಯಾಗಿ ಕಂಡಿತು. ದೊಡ್ಡ ಅಡಚಣೆಯೆಂದರೆ ತೋರಿಸಲು ಮರ ಇಲ್ಲದ್ದು. ಶಾಲೆಯ ಹಿಂದೆ ಇದ್ದದ್ದು ಅರ್ಧ ಎಕ್ರೆ ಮುರಕಲ್ಲಿನ ಬೋಳುಗುಡ್ಡೆ. ಮಕ್ಕಳ ಸೈನ್ಯ ಕಟ್ಟಿಕೊಂಡು ಅವರು ಅಲ್ಲಿ ನೇರಳೆ, ಹೆಬ್ಬಲಸು, ಕಾಟುಮಾವು ಎಂದು ಅರುವತ್ತು ಗಿಡ ನೆಟ್ಟರು.

ಗಿಡಗಳು ಎದೆಯೆತ್ತರಕ್ಕೆ ಬಂದವು. ಊರಿನ ಕತ್ತಿಗಳೂ ಬಂದವು. ಅಡಿಕೆ ತೋಟ ಇದ್ದವನಿಗೆ ದನದ ಹಟ್ಟಿಗೆ ಹಾಸಲು ಹಸಿ ಸೊಪ್ಪು ಬೇಕೇ ಬೇಕು. ಅದು ದನದ ತುಳಿತಕ್ಕೆ ಕೊಳೆತು ತೋಟದ ಗೊಬ್ಬರವಾಗಬೇಕು. ದುಗ್ಗಪ್ಪ ಗೌಡರ ಆಳು ಚೆನ್ನು ಒಂದೇ ಬೆಳಗ್ಗೆ ಇಪ್ಪತ್ತು ಗಿಡದ ತಲೆ ಬೋಳಿಸಿ ಹೊರೆ ಕಟ್ಟಿದ್ದಳು. ಓಡಿಬಂದ ಮಾಸ್ಟ್ರ ಮುಂದೆ ಅವಳು ಹೊರೆ ಇಳಿಸಲೂ ಇಲ್ಲ.

“ನೀವೇ ನನ್ನ ಮಗಳಿಗೆ ಪಾಠ ಮಾಡಿದ್ದಲ್ವಾ ಮಾಸ್ಟ್ರೆ, ಮಣ್ಣಿಂದ ಬಂದದ್ದು ಮಣ್ಣಿಗೇ ಹೋಗ್ಬೇಕು ಅಂತ? ಮತ್ತೆ ಎಂತ ಬೊಬ್ಬೆ ಹಾಕುದು?”

ಪಾಠ ಸರಿಯಾಗಿಯೇ ಇತ್ತು.

ಮೂರು ವರ್ಷ ಇದೇ ಕುರುಕ್ಷೇತ್ರ. ಬೇಲಿ ಹಾಕಿದರು, ಬೇಲಿಯ ಗೂಟವೂ ಚಿಗುರಿತು, ಅದರ ಸೊಪ್ಪೂ ಹಟ್ಟಿ ಸೇರಿತು. ಕೊನೆಗೆ ೧೯೭೯ರ ಒಂದು ಭಾನುವಾರ ಮಾಸ್ಟ್ರು, ಭೂತಗನ್ನಡಿಯನ್ನು ಮನೆಯಲ್ಲೇ ಬಿಟ್ಟು, ಊರಿನ ಹಳೆಯ ಅಸ್ತ್ರವನ್ನು ಎತ್ತಿಕೊಂಡರು. ಹಲಸು, ತೆಂಗು ಕಳ್ಳರ ಪಾಲಾಗದಿರಲಿ ಎಂದು ಮರಕ್ಕೆ ಎಳೆ ತೆಂಗಿನಗರಿ ಕಟ್ಟಿ ‘ಇದು ಗುಳಿಗನಿಗೆ ಬಿಟ್ಟದ್ದು’ ಎಂದು ಹೇಳಿಕೊಳ್ಳುವುದು ನಮ್ಮಲ್ಲಿ ಇದೆ. ಹಾಗೆ ಹೇಳಿದ ಮೇಲೆ ಮುಟ್ಟಿದವನನ್ನು ಆ ದೈವ ನೋಡಿಕೊಳ್ಳುತ್ತದೆ. ಮಾಸ್ಟ್ರು ಬೇಲಿಯ ಬಾಗಿಲ ಪಕ್ಕದ ನೇರಳೆಗೆ ಗರಿ ಕಟ್ಟಿದರು, ಇಡೀ ಅರ್ಧ ಎಕ್ರೆಗೂ ಸೇರಿಸಿ ತುಟಿಯಲ್ಲೇ ಆ ಮಾತನ್ನು ಹೇಳಿ ಮುಗಿಸಿದರು.

ಸೋಮವಾರದಿಂದ ಒಂದು ಎಲೆ ಅಲುಗಲಿಲ್ಲ. ಅರಣ್ಯ ಇಲಾಖೆಗೆ ಸಾಧ್ಯವಾಗದ್ದನ್ನು ಗುಳಿಗ ಸಂಬಳವಿಲ್ಲದೆ ಮಾಡಿದ. ಏಳು ವರ್ಷದಲ್ಲಿ ಗುಡ್ಡೆಯ ಮೇಲೆ ಕಾಡೇ ಎದ್ದಿತು. ಮಂಗಟ್ಟೆ ಹಕ್ಕಿ ಬಂತು. ಒಂದೇ ಕೊರತೆ. ಮಕ್ಕಳೂ ಒಳಗೆ ಕಾಲಿಡಲಿಲ್ಲ. ಮನೆಯಲ್ಲಿ ಬಿಡುವುದಿಲ್ಲ. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡು ಮಾಸ್ಟ್ರು ಬೇಲಿಯ ಹೊರಗೆ ನಿಂತೇ ಬೆರಳು ತೋರಿಸಿ ಪಾಠ ಮಾಡುತ್ತಿದ್ದರು.

೧೯೮೬ರಲ್ಲಿ ಆಶ್ಚರ್ಯ ನಡೆಯಿತು. ಇಲ್ಲದ ಹುದ್ದೆ ಹುಟ್ಟಿತು. ಎರಡೂ ತಾಲೂಕಿಗೆ ಸೇರಿ ಒಬ್ಬ ಪರಿಸರ ಶಿಕ್ಷಣ ಸಂಚಾಲಕ. ಅರ್ಜಿ ಹಾಕಿದವರು ಮಕ್ಕಳನ್ನು ಗಿಡಮರದ ನಡುವೆ ಕೂರಿಸಿ ಪಾಠ ಮಾಡಿ ತೋರಿಸಬೇಕು. ಅಧಿಕಾರಿ ಕೃಷ್ಣಮೋಹನರು ಬರುವ ದಿನವೂ ಗೊತ್ತಾಯಿತು. ಮಾಸ್ಟ್ರು ಸೀದಾ ದುಗ್ಗಪ್ಪ ಗೌಡರ ಜಗಲಿಗೆ ಹೋಗಿ, ಗರಿ ಕಟ್ಟಿದ್ದು ತಾನೇ, ಅದು ಸುಮ್ಮನೆ ಹೆದರಿಸಲಿಕ್ಕೆ ಎಂದು ತಪ್ಪೊಪ್ಪಿಕೊಂಡರು. ಗೌಡರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

“ನೀವೇ ಕಟ್ಟಿದ್ದು ಅಂತ ಊರಿಗೆಲ್ಲ ಗೊತ್ತುಂಟು. ಚೆನ್ನು ನೋಡಿದ್ದಾಳೆ. ಯಾರು ಕಟ್ಟಿದರೆ ಎಂತ ಮಾಸ್ಟ್ರೆ, ಗುಳಿಗನಿಗೆ ಹೇಳಿ ಆಯ್ತಲ್ಲ.”

“ಹಾಗಾದ್ರೆ ಈಗ ಎಂತ ಮಾಡುದು?”

“ಕಟ್ಟಿದವರೇ ಬಿಚ್ಚಬೇಕು. ವಾಪಸ್ ತೆಗೊಂಡೆ ಅಂತ ಅವನಿಗೆ ಹೇಳಬೇಕು. ಮತ್ತೆ ಮಕ್ಕಳು ಹೋಗ್ಲಿ. ಚೆನ್ನುವೂ ಹೋಗ್ತಾಳೆ, ಹಟ್ಟಿಯಲ್ಲಿ ಸೊಪ್ಪಿಲ್ಲ.”

ಅಧಿಕಾರಿ ಬರುವ ದಿನ ಬೆಳಗ್ಗೆ ಎಂಟಕ್ಕೆ ಮಾಸ್ಟ್ರು ಪೀಶಕತ್ತಿ ಹಿಡಿದು ನೇರಳೆಯ ಬುಡದಲ್ಲಿ ನಿಂತರು. ಏಳು ಮಳೆಗಾಲ ಕಂಡ ಗರಿ ಒಂದು ನಾರಿನ ಎಳೆಯಾಗಿ ತೊಗಟೆಯೊಳಗೆ ಹೂತುಹೋಗಿತ್ತು. ಬಿಚ್ಚಿದರೆ ಹತ್ತು ಗಂಟೆಗೆ ಹುದ್ದೆ, ಸಂಜೆಗೆ ಕತ್ತಿ. ಇದು ಶುದ್ಧ ವಿಜ್ಞಾನದ ಲೆಕ್ಕ, ಇದಕ್ಕಾಗಿಯೇ ಕೈ ನಿಂತಿತು ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಆದರೆ ಲೆಕ್ಕ ಹಾಕುವವನು ಕತ್ತಿಯ ಮೊನೆ ಆ ನಾರಿಗೆ ತಾಗದ ಹಾಗೆ ಯಾಕೆ ದೂರ ಹಿಡಿಯಬೇಕು ಎಂಬುದಕ್ಕೆ ಶಿಬಿರದ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಒಂಬತ್ತೂಮುಕ್ಕಾಲಿಗೆ ಕತ್ತಿ ಮಡಚಿ ಕಿಸೆಗೆ ಹಾಕಿಕೊಂಡರು.

ಕೃಷ್ಣಮೋಹನರ ಜೀಪು ಬಂತು. ಬೇಲಿಯ ಹೊರಗೆ ನಲುವತ್ತು ಮಕ್ಕಳು ಸಾಲಾಗಿ ನಿಂತಿದ್ದರು. ಮಾಸ್ಟ್ರು ಒಬ್ಬರೇ ಒಳಗೆ ನಿಂತು ‘ಬನ್ನಿ ಮಕ್ಕಳೇ’ ಎಂದರು. ಯಾರೂ ಕದಲಲಿಲ್ಲ. ಯಾಕೆ ಎಂದು ಅಧಿಕಾರಿ ಕೇಳಿದಾಗ ಮುಂದಿನ ಸಾಲಿನ ಹುಡುಗಿ ಗುಳಿಗನ ಹೆಸರು ಹೇಳಿದಳು. ಮಾಸ್ಟ್ರಿಗೆ ಉಳಿದಿದ್ದ ಆಸೆಯೆಲ್ಲ ಈಗ ಅಧಿಕಾರಿಯ ಮೇಲೆ. ಓದಿದ ಮನುಷ್ಯ, ನಕ್ಕು ಒಳಗೆ ಬಂದರೆ ಮಕ್ಕಳೂ ಹಿಂದೆ ಬಂದಾರು. ಆದರೆ ಕೃಷ್ಣಮೋಹನರು ಇದೇ ಸೀಮೆಯ ಈಶ್ವರಮಂಗಲದವರು. ಎರಡು ಹೆಜ್ಜೆ ಹಿಂದೆ ಸರಿದು ಶೂ ಬಿಚ್ಚಿದರು, ಕೈ ಮುಗಿದರು.

“ಮೊದಲೇ ಹೇಳಬಾರದಾ ಮಾರಾಯ್ರೆ, ಬೇಲಿಯವರೆಗೆ ಶೂ ಹಾಕಿಕೊಂಡೇ ಬಂದುಬಿಟ್ಟೆನಲ್ಲ.”

ವರದಿಯಲ್ಲಿ ಅವರು ಮರಗಳನ್ನು ಬಾಯ್ತುಂಬ ಹೊಗಳಿದರು. ಪಾಠ ನಡೆಯಲಿಲ್ಲ ಎಂದೂ ಬರೆದರು. ಹುದ್ದೆ ಸುಳ್ಯದ ಕಡೆಯ ಒಬ್ಬರಿಗೆ ಹೋಯಿತು. ಅವರು ಜಗಲಿಯಲ್ಲಿ ಆರು ಕ್ರೋಟನ್ ಚಟ್ಟಿ ಇಟ್ಟು, ಸುತ್ತ ಮಕ್ಕಳನ್ನು ಕೂರಿಸಿದ್ದರಂತೆ.

ತಿಂಗಳು ಕಳೆದು ಚೆನ್ನು ಮಾಸ್ಟ್ರ ಮನೆಯಂಗಳಕ್ಕೆ ಬಂದಳು. ಕುಂಬ್ರದಲ್ಲಿ ತನ್ನ ತಂಗಿಯ ಮನೆಯ ಹಿಂದೆ ಒಂದು ಹಳೆಯ ಹೆಬ್ಬಲಸು ಇದೆ, ತಂಗಿಯ ಮೈದುನ ಅದನ್ನು ಕಡಿದು ಮಾರಲು ಹೊರಟಿದ್ದಾನೆ ಎಂದಳು.

“ಒಂದು ಗರಿ ಕಟ್ಟಿ ಹೇಳಿಕೊಡಿ ಮಾಸ್ಟ್ರೆ. ನಿಮ್ಮ ಕೈಗುಣ ಒಳ್ಳೇದು ಅಂತ ಕಡಬದವರೆಗೂ ಹೇಳ್ತಾರೆ. ನೀವು ಹೇಳಿದ್ರೆ ಗುಳಿಗ ಕೇಳ್ತಾನೆ.”

ಮಾಸ್ಟ್ರು ಬಾಯಿ ತೆರೆದರು. ವಿಜ್ಞಾನ, ಕಾರ್ಯಕಾರಣ, ಮೂಢನಂಬಿಕೆ, ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು, ಬೇಲಿಯ ಹೊರಗೆ ನಿಂತ ಮಕ್ಕಳ ಹಾಗೆ. ಮರ ಎಷ್ಟು ದೊಡ್ಡದು ಎಂದಷ್ಟೇ ಕೇಳಿದರು. ಇಬ್ಬರು ಅಪ್ಪಿಕೊಂಡರೂ ಕೈ ಮುಟ್ಟುವುದಿಲ್ಲ ಎಂದಳು ಚೆನ್ನು.

ಮಾಸ್ಟ್ರು ಒಳಗೆ ಹೋಗಿ ಕೊಡೆ ತಂದರು. ಕುಂಬ್ರದ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿದರು.