ಮೋನಪ್ಪಣ್ಣನ ಹಳದಿ ಕಾರ್ಡು

ಮೋನಪ್ಪಣ್ಣ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಸೊಂಟವನ್ನು. ಮುಖ ಆಮೇಲೆ. ಫಿಟ್ಟರ್ ಒಬ್ಬ ಸ್ಕ್ರೂಡ್ರೈವರನ್ನು ಮೊನೆ ಮೇಲೆ ಮಾಡಿ ಬೆಲ್ಟಿಗೆ ಸಿಕ್ಕಿಸಿಕೊಂಡು ಬಂದರೆ, ಅವನ ನಮಸ್ಕಾರಕ್ಕೆ ಉತ್ತರ ಸಿಗುತ್ತಿರಲಿಲ್ಲ. "ಬಗ್ಗಿದ್ರೆ ಹೊಟ್ಟೆಗೆ ಹೋಗ್ತದೆ, ತಿರುಗಿಸಿ ಇಡು" ಎಂಬುದಷ್ಟೇ ಸಿಗುತ್ತಿತ್ತು. ಕಂಪನಿಯ ದೊಡ್ಡ ಮ್ಯಾನೇಜರ್ ಒಮ್ಮೆ ಸೊಂಟದಲ್ಲಿ ಕೀಗೊಂಚಲು ತೂಗಾಡಿಸಿಕೊಂಡು ತಿರುಗುವ ಪಂಪಿನ ಪಕ್ಕ ನಿಂತು ಭಾಷಣ ಮಾಡುತ್ತಿದ್ದ. ಮೋನಪ್ಪಣ್ಣ ಭಾಷಣವನ್ನು ಅರ್ಧಕ್ಕೆ ನಿಲ್ಲಿಸಿ, ಕೀಗೊಂಚಲನ್ನು ಕಿಸೆಗೆ ಹಾಕಿಸಿದ ಮೇಲೆಯೇ ಮುಂದುವರಿಸಲು ಬಿಟ್ಟರು. ಭಾಷಣದ ವಿಷಯ ಸುರಕ್ಷತೆ. ಬರೆದುಕೊಟ್ಟವನು ನಾನು.

ಸೌದಿಯ ರಾಬಿಗ್‌ನ ಹೊರಗೆ ಒಂದು ಗುತ್ತಿಗೆ ಕಂಪನಿಯ ಸುರಕ್ಷತಾ ವಿಭಾಗದಲ್ಲಿ ನಾನು ಗುಮಾಸ್ತ. ಉಪ್ಪಿನಂಗಡಿಯವನು. ಸುರಕ್ಷತೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅದರ ಸ್ಪೆಲ್ಲಿಂಗ್. ಮೋನಪ್ಪಣ್ಣ ಸುಳ್ಯದ ಕಡೆಯವರು. ಸೈನ್ಯದಲ್ಲಿ ಬಂದೂಕು ಪಿಸ್ತೂಲು ರಿಪೇರಿ ಮಾಡುವ ಆರ್ಮರರ್ ಆಗಿದ್ದು, ನಿವೃತ್ತಿಯ ಮೇಲೆ ಇಲ್ಲಿಗೆ ಬಂದು ಸೇಫ್ಟಿ ವಾಲ್ವ್‌ಗಳನ್ನು ಬಿಚ್ಚಿ ಪರೀಕ್ಷಿಸುವ ಕೆಲಸ ಹಿಡಿದಿದ್ದರು. "ಮೊದ್ಲು ಸಿಡಿಯುವ ಹಾಗೆ ರಿಪೇರಿ ಮಾಡ್ತಿದ್ದೆ, ಈಗ ಸಿಡಿಯದ ಹಾಗೆ ಮಾಡ್ತೇನೆ. ಸ್ಪ್ರಿಂಗ್ ಅದೇ ಮಾರಾಯ" ಎನ್ನುತ್ತಿದ್ದರು.

ನಮ್ಮ ವಿಭಾಗದ ಹೆಮ್ಮೆಯೆಂದರೆ ಸೇಫ್ಟಿ ಕಾರ್ಡು. ಪ್ರತಿಯೊಬ್ಬ ಕೆಲಸಗಾರನೂ ತಿಂಗಳಿಗೆ ಎರಡು ಕಾರ್ಡು ಬರೆಯಲೇಬೇಕು: ಎಲ್ಲಿ ಯಾವ ಅಪಾಯ ಕಂಡಿತು, ಏನು ಮಾಡಬೇಕು. ಕಾರ್ಬನ್ ಇಟ್ಟು ಬರೆಯುವುದು. ಬಿಳಿ ಪ್ರತಿ ನಮ್ಮ ಆಫೀಸಿಗೆ, ಹಳದಿ ಪ್ರತಿ ಬರೆದವನಿಗೆ. ಇಂಗ್ಲಿಷ್ ಬಾರದ ಅರ್ಧ ಕ್ಯಾಂಪಿಗೆ ಕಾರ್ಡು ಬರೆದುಕೊಡುತ್ತಿದ್ದವನು ನಾನೇ. ಬಂದ ಕಾರ್ಡುಗಳನ್ನು ಓದಿ ಮೇಲಕ್ಕೆ ಕಳಿಸುತ್ತಿದ್ದವನೂ ನಾನೇ. ಹಾಗಾಗಿ ಕಂಪನಿಯ ಅಪಾಯಗಳೆಲ್ಲ ಬಹಳ ಶಿಸ್ತಿನಿಂದ ಇರುತ್ತಿದ್ದವು. "ಒಬ್ಬ ಕೆಲಸಗಾರ ಕೈಗವಸು ಹಾಕಿರಲಿಲ್ಲ. ನಾನು ಹೇಳಿದ ಮೇಲೆ ಹಾಕಿಕೊಂಡ." ಇದನ್ನು ನಾನು ಎಷ್ಟು ಸಲ ಬರೆದಿದ್ದೇನೆಂದರೆ, ಆ ಕೈಗವಸಿಲ್ಲದ ಬಡಪಾಯಿ ಯಾರೆಂದು ಒಮ್ಮೆ ನೋಡಬೇಕೆಂಬ ಆಸೆ ನನಗಿತ್ತು. ವರ್ಷದ ಕೊನೆಗೆ ಒಬ್ಬರಿಗೆ ಬಹುಮಾನವೂ ಇತ್ತು, ಒಂದು ಥರ್ಮಾಸ್ ಫ್ಲಾಸ್ಕ್.

ಆ ವರ್ಷ ನಮ್ಮ ಗೇಟಿನ ಕಾವಲುಗಾರರಿಗೆ ಹೊಸ ಪಿಸ್ತೂಲು ಬಂತು. ಹಳೆಯದಕ್ಕೆ ಹಿಂದೆ ಎದ್ದು ನಿಲ್ಲುವ ಹ್ಯಾಮರ್ ಇತ್ತು, ಹೆಬ್ಬೆರಳಿಗೆ ಸಿಗುವ ಸೇಫ್ಟಿ ಕೊಂಡಿಯೂ ಇತ್ತು. ಹೊಸದಕ್ಕೆ ಎರಡೂ ಇಲ್ಲ. ಹ್ಯಾಮರಿನ ಕೆಲಸವನ್ನು ಒಳಗೇ ಅಡಗಿರುವ ಸ್ಟ್ರೈಕರ್ ಎಂಬ ಕಡ್ಡಿ ಮಾಡುತ್ತದೆ. ಇಷ್ಟು ಸಾಕಾಯಿತು ನಮ್ಮ ಮೆಸ್ಸಿಗೆ. ಪಿಸ್ತೂಲು ಮುಟ್ಟಿದರೆ ಇಕಾಮಾ ಎಂಬ ವಾಸದ ಪರವಾನಗಿ ಕಳೆದುಕೊಂಡು ಊರು ಸೇರಬೇಕಾದ ನಲವತ್ತು ಮಂದಿ, ಮಧ್ಯಾಹ್ನದ ಊಟದ ಹೊತ್ತಿಗೆ ಆಯುಧತಜ್ಞರಾದರು.

ಎಲ್ಲರಿಗಿಂತ ದೊಡ್ಡ ತಜ್ಞ ಸ್ಟೋರಿನ ಸಲೀಂ, ಭಟ್ಕಳದವನು. ಅವನ ವಿದ್ಯೆಯೆಲ್ಲ ಮೊಬೈಲಿನಿಂದ ಬಂದದ್ದು. "ಆ ಪಿಸ್ತೂಲು ತನ್ನಷ್ಟಕ್ಕೆ ಹಾರ್ತದೆ. ಸೊಂಟದಲ್ಲಿ ಇಟ್ಟುಕೊಂಡು ನಡೆದ್ರೂ ಸಾಕು. ನಾನು ವಿಡಿಯೋ ನೋಡಿದ್ದೇನೆ" ಎಂದು ಮೀನಿನ ಮುಳ್ಳು ಬಿಡಿಸುತ್ತಾ ಸಾರಿದ. ಮೂಲೆಯಲ್ಲಿದ್ದ ಇನ್ನೊಬ್ಬ, ಅದೆಲ್ಲ ಸುಳ್ಳು, ಅದಕ್ಕಿಂತ ಭದ್ರವಾದದ್ದು ಲೋಕದಲ್ಲೇ ಇಲ್ಲ ಎಂದ. ಅವನು ನೋಡಿದ್ದು ಬೇರೆ ವಿಡಿಯೋ.

ಮೋನಪ್ಪಣ್ಣ ತಟ್ಟೆಯಿಂದ ತಲೆ ಎತ್ತದೆ ಕೇಳಿದರು: "ನೀವಿಬ್ರೂ ಮುಟ್ಟಿ ನೋಡಿದ್ದೀರಾ?"

ಅವರ ಎಲ್ಲ ವಾದವೂ ಈ ಪ್ರಶ್ನೆಯಿಂದಲೇ ಶುರುವಾಗುತ್ತಿತ್ತು. ಕೈ ತೊಳೆದು ಬಂದು ಪಾಠ ಹೇಳಿದರು. ಒಳ್ಳೆಯ ಸ್ಥಿತಿಯಲ್ಲಿರುವ ಪಿಸ್ತೂಲಿನೊಳಗೆ ಸ್ಟ್ರೈಕರಿಗೆ ಅಡ್ಡ ಒಂದು ಸಣ್ಣ ಲೋಹದ ತುಂಡು ಕೂತಿರುತ್ತದೆ, ಟ್ರಿಗರ್ ಒತ್ತದೆ ಅದು ಸರಿಯುವುದಿಲ್ಲ, ಕೆಳಗೆ ಬಿದ್ದರೂ ಸುಲಭಕ್ಕೆ ಹಾರುವುದಿಲ್ಲ. "ಆದ್ರೆ ಟ್ರಿಗರಿಗೆ ಒತ್ತಿದ್ದು ಬೆರಳೋ ಬಟ್ಟೆಯೋ ಎಂತ ಗೊತ್ತುಂಟು? ಅದಕ್ಕೆ ಕಣ್ಣಿಲ್ಲ. ಹೆಬ್ಬೆರಳಿನ ಕೊಂಡಿ ಇಲ್ಲದ ಮೇಲೆ, ಸೊಂಟದ ಚೀಲವೇ ಅದ್ರ ಸೇಫ್ಟಿ. ಚೀಲ ಗಟ್ಟಿ ಇದ್ರೆ ಎಂತ ಹೆದರಿಕೆ ಇಲ್ಲ. ಚೀಲ ಮೆತ್ತಗಾದ್ರೆ ಮುಗೀತು."

ಸಲೀಂ ನಕ್ಕ. ಮೋನಪ್ಪಣ್ಣ ಹೊರಗೆ ಹೋಗಿ ಯಾರದೋ ತುದಿ ತೂತಾದ ಹಳೆಯ ಚರ್ಮದ ಬೂಟನ್ನೂ, ಕಿಟಕಿ ಗಾಜು ಒರೆಸುವ ನೀರಿನ ಸ್ಪ್ರೇ ಬಾಟಲಿಯನ್ನೂ ತಂದರು. ಬಾಟಲಿಯ ಕುತ್ತಿಗೆಗೂ ಪಿಸ್ತೂಲಿನ ಹಾಗೆಯೇ ಒಂದು ಟ್ರಿಗರ್ ಇರುತ್ತದಲ್ಲ. ಅದನ್ನು ತಲೆಕೆಳಗಾಗಿ ಬೂಟಿನೊಳಗೆ ತಳ್ಳಿದರು. ಬೂಟಿನ ಮೆತ್ತಗಿನ ನಾಲಿಗೆ ಮಡಚಿಕೊಂಡು ಟ್ರಿಗರಿನ ಸಂದಿಗೆ ಹೋಯಿತು. ಇನ್ನೂ ಸ್ವಲ್ಪ ಒತ್ತಿದರು. ಸರ್ರನೆ ಹಾರಿದ ನೀರು, ಬೂಟಿನ ತುದಿಯ ತೂತಿನಿಂದ ಹೊರಬಂದು ಸಲೀಮನ ಪ್ಯಾಂಟಿನ ಮುಂಭಾಗಕ್ಕೇ ಬಿತ್ತು.

"ನನ್ನ ಬೆರಳು ಎಲ್ಲಿ ಉಂಟು, ನೋಡು" ಎಂದು ಕೈ ಎತ್ತಿ ತೋರಿಸಿದರು. ಸಲೀಂ ಆ ದಿನ ಸ್ಟೋರಿಗೆ ಫೈಲು ಅಡ್ಡ ಹಿಡಿದುಕೊಂಡು ಹೋದ.

ಇದು ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ಗೇಟಿನಲ್ಲಿ ಅಬೂ ಫೈಸಲ್ ಇಲ್ಲದಿದ್ದರೆ. ಐವತ್ತರ ಆಸುಪಾಸಿನ ಸೌದಿ ಕಾವಲುಗಾರ. ಮೋನಪ್ಪಣ್ಣನಿಗೂ ಅವನಿಗೂ ಬೆಳಗಿನ ಚಹಾದ ಸ್ನೇಹ. ಇವರ ಅರಬ್ಬಿ ಇಪ್ಪತ್ತು ಶಬ್ದ, ಅವನ ಹಿಂದಿ ಹತ್ತು. ಅಷ್ಟರಲ್ಲೇ ಇಬ್ಬರೂ ಮಕ್ಕಳ ಮದುವೆಯ ತನಕ ಮಾತಾಡುತ್ತಿದ್ದರು. ಅಬೂ ಫೈಸಲ್ ಪಿಸ್ತೂಲು ಇಡಲು ಕಂಪನಿ ಕೊಟ್ಟ ಗಟ್ಟಿ ಪ್ಲಾಸ್ಟಿಕ್ ಹೋಲ್‌ಸ್ಟರನ್ನು ಪೆಟ್ಟಿಗೆಯಲ್ಲೇ ಬಿಟ್ಟು, ತನ್ನ ತಂದೆಯ ಕಾಲದ ಚರ್ಮದ್ದನ್ನು ಕಟ್ಟಿಕೊಳ್ಳುತ್ತಿದ್ದ. ಅದರ ಬಾಯಿಯ ಅಂಚು ಸವೆದು ಒಳಕ್ಕೆ ಸುರುಳಿ ಸುತ್ತಿತ್ತು. ಅದರೊಳಗೆ ಈಗ ಹೊಸ ಪಿಸ್ತೂಲು.

ಮೋನಪ್ಪಣ್ಣ ಅವನಿಗೇ ಹೇಳಿದರು, ಕೈಸನ್ನೆ ಮಾಡಿ, ಅಂಚನ್ನು ತೋರಿಸಿ. ಅವನು ನಕ್ಕು ಹೋಲ್‌ಸ್ಟರನ್ನು ಸವರಿದನಂತೆ. ಅಪ್ಪನದು, ಏನೂ ಆಗುವುದಿಲ್ಲ, ಖೈರ್ ಇನ್‌ಶಾ ಅಲ್ಲಾಹ್ ಎಂದನಂತೆ. ಅಲ್ಲಿಂದ ನೇರ ನನ್ನ ಹತ್ತಿರ ಬಂದರು.

"ಅಶ್ರಫ್, ಕಾರ್ಡು ಬರಿ."

"ಅದು ನಮ್ಮ ವಿಷಯ ಅಲ್ಲ ಮೋನಪ್ಪಣ್ಣ. ಸೌದಿಯವನ ಆಯುಧ. ಇದ್ರ ಬಗ್ಗೆ ಇಷ್ಟು ಗೊತ್ತಿರುವ ಇಂಡಿಯಾದವ ಯಾರು ಅಂತ ಕೇಳಿದ್ರೆ ಎಂತ ಹೇಳ್ತೀರಿ? ಇಂಗ್ಲಿಷಲ್ಲಿ ಬರೆದವ ಯಾರು ಅಂತ ಕೇಳಿದ್ರೆ ನಾನೆಂತ ಹೇಳಲಿ?"

"ಅಪಾಯ ಕಂಡ್ರೆ ಬರೀಬೇಕು ಅಂತ ಗೋಡೆ ತುಂಬ ಅಂಟಿಸಿದ್ದು ನೀನೇ ಅಲ್ವಾ? ಬರಿ ಮಾರಾಯ. ಮನುಷ್ಯನ ಕಾಲು ಅದು."

ಬರೆದೆ. ನನ್ನ ನೌಕರಿಯಲ್ಲಿ ನಾನು ಬರೆದ ಮೊದಲ ನಿಜವಾದ ಕಾರ್ಡು ಅದು. ಹಳದಿ ಪ್ರತಿಯನ್ನು ಅವರು ಮಡಚಿ ಕಿಸೆಗೆ ಹಾಕಿಕೊಂಡರು. ಬಿಳಿ ಪ್ರತಿಯನ್ನು ನಾನು ಡ್ರಾಯರಿನ ತಳದಲ್ಲಿ ಹಾಕಿ ಬೀಗ ಹಾಕಿದೆ. ಎರಡು ದಿನ ಬಿಟ್ಟು ಕೇಳಿದಾಗ "ಮೇಲೆ ಕಳಿಸಿದ್ದೇನೆ, ನೋಡ್ತಾರಂತೆ" ಎಂದೆ. ಆಫೀಸಿನಲ್ಲಿ ಹತ್ತು ವರ್ಷ ಕಳೆದವನಿಗೆ ಈ ವಾಕ್ಯ ನಿದ್ದೆಯಲ್ಲೂ ಬರುತ್ತದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಪಾಳಿ ಬದಲಾಗುವಾಗ ಅಬೂ ಫೈಸಲ್ ಲಾಕರಿನಿಂದ ಪಿಸ್ತೂಲು ತೆಗೆದು, ಯಾರೊಂದಿಗೋ ಮಾತಾಡುತ್ತಾ, ನೋಡದೆ ಚೀಲಕ್ಕೆ ತಳ್ಳಿದ. ಪಟಾಕಿಯಂಥ ಒಂದು ಶಬ್ದ. ಗುಂಡು ತೊಡೆಯನ್ನು ಸೀಳಿ ಪಾದದೊಳಕ್ಕೆ ಹೋಗಿತ್ತು. ಚಹಾಕ್ಕೆಂದು ಬಂದಿದ್ದ ಮೋನಪ್ಪಣ್ಣ ತನ್ನ ಬೆಲ್ಟು ಬಿಚ್ಚಿ ಅವನ ತೊಡೆಗೆ ಬಿಗಿದು, ಆಂಬುಲೆನ್ಸ್ ಬರುವ ತನಕ ಆ ಗಂಟನ್ನು ಹಿಡಿದುಕೊಂಡೇ ಕೂತಿದ್ದರು. ಜೀವ ಉಳಿಯಿತು. ಪಾದ ಮೊದಲಿನ ಹಾಗೆ ಆಗಲಿಲ್ಲ.

ಮೆಸ್ಸಿನಲ್ಲಿ ಸಲೀಂ ಗೆದ್ದವನ ಮುಖ ಹೊತ್ತು "ನಾನು ಹೇಳಿರಲಿಲ್ವಾ, ತನ್ನಷ್ಟಕ್ಕೆ ಹಾರ್ತದೆ ಅಂತ" ಎಂದ. ಮೋನಪ್ಪಣ್ಣ ತಟ್ಟೆ ಎತ್ತಿಕೊಂಡು ಹೊರಗೆ ಹೋದರು.

ವಿಚಾರಣೆ ನಮ್ಮ ಆಫೀಸಿನಲ್ಲೇ ನಡೆಯಿತು. ಪಕ್ಕದಲ್ಲಿದ್ದವರೆಂದು ಮೋನಪ್ಪಣ್ಣನನ್ನೂ ಕರೆಸಿದ್ದರು. ಮ್ಯಾನೇಜರ್ ನನ್ನತ್ತ ತಿರುಗಿ, ಈ ಹೋಲ್‌ಸ್ಟರಿನ ಬಗ್ಗೆ ಯಾರಾದರೂ ಕಾರ್ಡು ಬರೆದಿದ್ದರೇ ಎಂದು ಕೇಳಿದ. ನನ್ನ ಮೊಣಕಾಲು ಆ ಡ್ರಾಯರಿಗೆ ತಾಗಿಕೊಂಡಿತ್ತು. "ಇಲ್ಲ ಸರ್" ಎಂದೆ.

ಮೋನಪ್ಪಣ್ಣ ಆ ದಿನ ಮೊದಲ ಬಾರಿಗೆ ಸೊಂಟ ಬಿಟ್ಟು ಸೀದಾ ನನ್ನ ಮುಖವನ್ನೇ ನೋಡಿದರು. ಮ್ಯಾನೇಜರ್ ಅವರನ್ನೂ ಕೇಳಿದ: ನೀನು ದಿನಾ ಅವನ ಜೊತೆ ಚಹಾ ಕುಡಿಯುವವನು, ನೀನಾದರೂ ಬರೆಯಬಹುದಿತ್ತಲ್ಲ?

"ನಂಗೆ ಇಂಗ್ಲಿಷ್ ಬರೀಲಿಕ್ಕೆ ಬರೂದಿಲ್ಲ ಸರ್" ಎಂದರು.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವಿಚಾರಣೆಯ ಫಲವಾಗಿ ಕಂಪನಿ ಕಠಿಣ ಕ್ರಮ ಕೈಗೊಂಡಿತು: ಗೇಟಿನಲ್ಲಿ ಹೊಸ ಪೋಸ್ಟರ್ ಬಿತ್ತು. ಚಿತ್ರ ಕೈಗವಸಿನದು.

ಅದಾದ ಮೂರು ತಿಂಗಳಿಗೆ ಮೋನಪ್ಪಣ್ಣನ ನೌಕರಿಯ ವಯಸ್ಸು ಮುಗಿದು, ಊರಿಗೆ ಮರಳುವ ಫೈನಲ್ ಎಕ್ಸಿಟ್ ಆಯಿತು. ಆ ಮೂರು ತಿಂಗಳಲ್ಲಿ ಅವರು ನನ್ನೊಂದಿಗೆ ಜಗಳವಾಡಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಜೆಡ್ಡಾ ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿಗೆ ಅವರ ಪೆಟ್ಟಿಗೆ ಎತ್ತಿಡಲು ಹೋದೆ. ಸೀಟಿನಲ್ಲಿ ಕೂತ ಮೇಲೆ ಅಂಗಿಯ ಕಿಸೆಯಿಂದ ಮಡಚಿದ ಹಳದಿ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು.

"ಇದು ಅವತ್ತೂ ನಿಮ್ಮ ಕಿಸೆಯಲ್ಲಿತ್ತಾ?" ಎಂದೆ.

"ಇತ್ತು. ನಿನ್ಗೆ ಸಣ್ಣ ಮಕ್ಕಳಿದ್ದಾರಲ್ಲ ಮಾರಾಯ." ಬಾಗಿಲು ಎಳೆದುಕೊಂಡು, ಗಾಜು ಇಳಿಸಿ ಹೇಳಿದರು: "ಅಬೂ ಫೈಸಲ್ ಕೇಳಿದ್ರೆ ಸುಳ್ಳು ಹೇಳ್ಬೇಡ. ಅವ ಒಳ್ಳೆ ಜನ."

ಅಬೂ ಫೈಸಲ್ ಆಮೇಲೆ ಗೇಟಿನ ಒಳಗೆ ಕೂತು ಪಾಸು ಕೊಡುತ್ತಿದ್ದ, ಪಕ್ಕದಲ್ಲಿ ಊರುಗೋಲು. ದಿನಾ ನನ್ನನ್ನು ನಿಲ್ಲಿಸಿ ಮೋನಪ್ಪ ಹೇಗಿದ್ದಾನೆ ಎಂದು ಕೇಳುತ್ತಿದ್ದ. ತಯ್ಯಿಬ್, ಚೆನ್ನಾಗಿದ್ದಾನೆ ಎಂದು ಹೇಳಿ ದಾಟುತ್ತಿದ್ದೆ. ಬೇರೇನನ್ನೂ ಅವನು ಕೇಳುತ್ತಿರಲಿಲ್ಲವಾದ್ದರಿಂದ, ಸುಳ್ಳು ಹೇಳುವ ಪ್ರಸಂಗವೂ ಬರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ವರ್ಷದ ಕೊನೆಯ ಸಮಾರಂಭದಲ್ಲಿ ಥರ್ಮಾಸ್ ಫ್ಲಾಸ್ಕ್ ನನಗೆ ಬಂತು. ಒಂದು ಕಾರ್ಡನ್ನೂ ತಡಮಾಡದೆ ಮೇಲೆ ಕಳಿಸಿದ್ದಕ್ಕಂತೆ. ಚಪ್ಪಾಳೆ ಮುಗಿದ ಮೇಲೆ ಅದನ್ನು ಬಗಲಲ್ಲಿಟ್ಟುಕೊಂಡು ಗೇಟಿಗೆ ಬಂದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಗಿತ್ತು. ಅಬೂ ಫೈಸಲ್ ನಕ್ಕು ಮಬ್ರೂಕ್, ಅಭಿನಂದನೆ ಎಂದ. ನಾನು ಹಳದಿ ಕಾಗದವನ್ನು ಅವನ ಮುಂದೆ ಇಟ್ಟೆ.

ಅವನಿಗೆ ನನ್ನ ಇಂಗ್ಲಿಷ್ ಓದಲು ಬರುವುದಿಲ್ಲ. ಮೋನಪ್ಪಣ್ಣ ಮೂಲೆಯಲ್ಲಿ ಪೆನ್ನಿನಿಂದ ಬಿಡಿಸಿದ್ದ, ಅಂಚು ಸುರುಳಿ ಸುತ್ತಿದ ಹೋಲ್‌ಸ್ಟರಿನ ಚಿತ್ರವನ್ನು ನೋಡಿದ. ತಾರೀಕಿನ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಗುಂಡು ಹಾರಿದ ದಿನದ ತನಕ ಎಣಿಸಿದ. ಆಮೇಲೆ ಕಾರ್ಡಿನ ತಳದಲ್ಲಿ ಅರಬ್ಬಿಯಲ್ಲಿ ಅಚ್ಚಾಗಿದ್ದ ಸಾಲನ್ನು ನಿಧಾನವಾಗಿ ಓದಿದ: ಹಳದಿ ಪ್ರತಿ ಬರೆದವನಿಗೆ, ಬಿಳಿ ಪ್ರತಿ ಸುರಕ್ಷತಾ ವಿಭಾಗಕ್ಕೆ.

ತಲೆ ಎತ್ತಿ ಕೇಳಿದ: "ಬಿಳಿಯದು ಎಲ್ಲಿದೆ?"

"ನನ್ನ ಡ್ರಾಯರಿನಲ್ಲಿ" ಎಂದೆ.